ಆರು ಕಿವಿರಿನ ಮೀನು

ಸಮುದ್ರವನ್ನೇ ಕಾಣದೆ ಹದಿನೆಂಟು ವರ್ಷ ಕಳೆದವನು ಶಾರ್ಕ್ ಮೀನಿನ ಮೇಲೆ ಬರೆಯಹೊರಟರೆ ಮಿತ್ರರು ನಗುವುದು ಸಹಜವೇ. ಆದರೆ ನಮ್ಮ ಹೆತ್ತೂರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಒಂದು ಏಣು ಇದೆ. ಅದರ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪ್ರತಿಯಾಗಿ ಸಮುದ್ರ ನಮಗೆ ಒಣಮೀನು ಕಳುಹಿಸುತ್ತದೆ.

ಕಳೆದ ವರ್ಷ ಪುಸ್ತಕಭಂಡಾರದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಹೆಕ್ಸಾಂಕಿಡೇ ಎಂಬ ಶಾರ್ಕ್ ಕುಟುಂಬದ ಚಿತ್ರವೊಂದು ಕಣ್ಣಿಗೆ ಬಿತ್ತು. ಕೆಳಗೆ 'ಆದಿಮ ಕುಟುಂಬ' ಎಂದಿತ್ತು. ಆ ಮಾತು ನನ್ನನ್ನು ಚುಚ್ಚಿತು. ಕಾಲೇಜಿಗೆ ಸೇರಿದ ಹೊಸದರಲ್ಲಿ ನನ್ನ ಮಾತಿನ ಧಾಟಿ ಕೇಳಿ ಗೆಳೆಯನೊಬ್ಬ 'ಕಾಡಿನವ' ಎಂದಿದ್ದ. ಅದೇ ರಜೆಯಲ್ಲಿ ನಾನು ಊರಿಗೆ ಹೋಗಿ, ಆನೆ ತುಳಿದರೂ ಬಿಡದೆ ಗದ್ದೆ ನಾಟಿ ಮಾಡುತ್ತಿದ್ದ ಅಜ್ಜನಿಗೆ, "ನೀವು ಯಾವ ಕಾಲದಲ್ಲಿದ್ದೀರಿ?" ಎಂದುಬಿಟ್ಟಿದ್ದೆ. ಅಜ್ಜ ಅಂದು ಏನೂ ಹೇಳಲಿಲ್ಲ.

ಕರಾವಳಿಯವರು ತಾಟೆ ಎನ್ನುವ ಶಾರ್ಕ್‌ಗಳಲ್ಲಿ ಬಹುತೇಕಕ್ಕೆ ಪಕ್ಕಕ್ಕೆ ಐದೈದು ಕಿವಿರುಸೀಳುಗಳು. ಈ ಕುಟುಂಬಕ್ಕಾದರೋ ಆರು, ಇಲ್ಲವೆ ಏಳು. ಬೆನ್ನಿನ ಮೇಲೆ ಎರಡರ ಬದಲು ಒಂದೇ ಈಜುರೆಕ್ಕೆ, ಅದೂ ಬಾಲದ ಹತ್ತಿರ. ಕೆಳದವಡೆಯ ಹಲ್ಲುಗಳು ಬಾಚಣಿಗೆಯಂತೆ. ಇವುಗಳ ಪೂರ್ವಿಕರ ಹಲ್ಲುಗಳು 15 ಕೋಟಿ ವರ್ಷಗಳಿಗೂ ಹಿಂದಿನ ಜುರಾಸಿಕ್ ಕಾಲದ ಶಿಲೆಗಳಲ್ಲಿ ದೊರೆತಿವೆ. 1788ರಲ್ಲಿ ಬೊನ್ನಾಟೆರ್ ಎಂಬ ಫ್ರೆಂಚ್ ಪಂಡಿತ ಹೆಸರಿಟ್ಟ ಆರು ಕಿವಿರಿನ ದೊಡ್ಡ ಶಾರ್ಕ್ ನಮ್ಮ ಅರಬ್ಬೀ ಸಮುದ್ರದಲ್ಲೂ ಉಂಟು. ಉದ್ದ ನಾಲ್ಕು ಮೀಟರನ್ನು ಮೀರುತ್ತದೆ, ಕಣ್ಣು ಹಸಿರು. ಹಗಲು ಆಳದಲ್ಲಿದ್ದು, ರಾತ್ರಿ ಆಹಾರಕ್ಕಾಗಿ ಮೇಲೇರುತ್ತದೆ. ಎಷ್ಟು ಆಳವೆಂದರೆ, 1,712 ಮೀಟರ್ ಎತ್ತರದ ನಮ್ಮ ಪುಷ್ಪಗಿರಿಯನ್ನು ಕಿತ್ತು ಅಲ್ಲಿಟ್ಟರೆ ಶಿಖರವೂ ಮುಳುಗಿಹೋದೀತು. ನಾಡದೋಣಿಯವನ ಬಲೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಈಗ ಯಂತ್ರದ ದೋಣಿಗಳ ಉದ್ದನೆಯ ಗಾಳದ ಹಗ್ಗಗಳು ಮುಟ್ಟುತ್ತವೆ. ಕೊಚ್ಚಿಯ ಕಡೆ ಆಳದ ಶಾರ್ಕ್‌ಗಳನ್ನು ಯಕೃತ್ತಿನ ಎಣ್ಣೆಗಾಗಿ ಹಿಡಿಯುವುದುಂಟು. ಕೋಟಿಗಟ್ಟಲೆ ವರ್ಷ ಬಾಳಿದ ವಂಶಕ್ಕೆ ಇದೊಂದು ಹೊಸ ಪರೀಕ್ಷೆ.

ದಸರೆಯ ರಜೆಯಲ್ಲಿ ಒಲೆಯ ಮುಂದೆ ಕುಳಿತು ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಕ್ಷಮೆ ಕೇಳಲು ನಾಲಗೆ ಬಾರದವನು ಮೀನಿನ ಕಥೆ ಹೇಳುತ್ತಾನೆ! ಇಂಗ್ಲಿಷಿನವರು ಇದನ್ನು 'ಕೌ ಶಾರ್ಕ್', ಅಂದರೆ ಹಸು ಶಾರ್ಕ್ ಎನ್ನುತ್ತಾರೆಂದೆ.

"ಹಾಲು ಕೊಡುತ್ತೇನೋ?" ಎಂದರು.

"ಇಲ್ಲ ಅಜ್ಜ. ಆದರೆ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ."

"ಆರು ಕಿವಿರು ಅಂದೆಯಲ್ಲ, ಉಳಿದವು ಐದಕ್ಕಿಳಿದರೂ ಇದು ಯಾಕೆ ಬಿಡಲಿಲ್ಲ?"

"ಬಿಡುವ ಅಗತ್ಯ ಬೀಳಲಿಲ್ಲವೇನೋ."

ಅಜ್ಜ ಬೆಂಕಿ ಸರಿಮಾಡಿದರು. ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಒಂದು ಸೂಲಿಗೆ ಎಷ್ಟು ಮರಿ?" ಎಂದರು.

"ನೂರರವರೆಗೂ ಹಾಕುತ್ತದಂತೆ."

"ಹಾಗಾದರೆ ಅದರ ಮನೆ ತುಂಬಿದೆ ಬಿಡು" ಎಂದು ಅಜ್ಜ ಕತ್ತಲಾದ ಅಂಗಳದ ಕಡೆ ನೋಡಿದರು. ಚಿಕ್ಕಪ್ಪಂದಿರು ಬೆಂಗಳೂರು ಸೇರಿ ವರ್ಷಗಳಾದವು. ನನ್ನ ಚೀಲವೂ ಮರುದಿನ ಬೆಳಗಿನ ಬಸ್ಸಿಗೆಂದು ಬಾಗಿಲ ಬಳಿ ಸಿದ್ಧವಾಗಿತ್ತು.