ಗಿಡಕ್ಕೆ ಎರಡು ಪೌಂಡು

ಮಲೆನಾಡಿನ ತೋಟವೊಂದರಲ್ಲಿ ರೈಟರಾಗಿದ್ದ ನನ್ನಪ್ಪನಿಗೆ ಯಾವ ದೇಶದ ಸುದ್ದಿ ಹೇಳಿದರೂ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ: 'ಅಲ್ಲಿ ಕಾಫಿ ಗಿಡಕ್ಕೆ ಎಷ್ಟು ಬರ್ತದೆ?' ಆ ಗುಣ ನನಗೂ ಅಂಟಿದೆ. ಚಾರ್ಲ್ಸ್ ಡಾರ್ವಿನ್‌ನ ಪ್ರವಾಸಕಥನ ಓದುವಾಗ ಗಲಾಪಗೋಸ್‌ನ ಆಮೆಗಳಿಗಿಂತ ಮುಂಚೆ ಕಣ್ಣಿಗೆ ಬಿದ್ದದ್ದು ಬ್ರೆಜಿಲ್‌ನ ಫಸಲಿನ ಲೆಕ್ಕ. ಸರಾಸರಿ ಗಿಡಕ್ಕೆ ಎರಡು ಪೌಂಡು, ಕೆಲವಕ್ಕೆ ಎಂಟು. ಅಪ್ಪ ಎಂಟನ್ನು ಖಂಡಿತ ನಂಬುತ್ತಿರಲಿಲ್ಲ.

ಅದು 1832ರ ಏಪ್ರಿಲ್. ಡಾರ್ವಿನ್‌ಗೆ 23 ವರ್ಷ. ತನ್ನಪ್ಪನ ದುಡ್ಡಿನಲ್ಲಿ ಬೀಗಲ್ ಹಡಗು ಹತ್ತಿ, ಜೀರುಂಡೆ ಹಿಡಿಯುವ ಉಮೇದಿನಲ್ಲಿ ಬಂದವನು ರಿಯೊದಿಂದ ಕುದುರೆಯೇರಿ ಒಳನಾಡಿನ ತೋಟಗಳತ್ತ ಹೊರಟ. ದಾರಿಯಲ್ಲೊಂದು ಬೋಳು ಕಲ್ಲುಗುಡ್ಡ. ಓಡಿಹೋದ ಗುಲಾಮರು ಅದರ ನೆತ್ತಿಯ ಹತ್ತಿರ ತುಸು ನೆಲ ಉತ್ತುಕೊಂಡು ಬದುಕಿದ್ದರಂತೆ. ಸಿಪಾಯಿಗಳು ಹಿಡಿಯಲು ಬಂದಾಗ ಒಬ್ಬ ಮುದುಕಿ ಮಾತ್ರ ಸಿಗಲಿಲ್ಲ, ತುದಿಯಿಂದ ಹಾರಿ ಸತ್ತಳು. ರೋಮಿನ ಕುಲೀನ ಹೆಂಗಸು ಹೀಗೆ ಮಾಡಿದ್ದರೆ ಸ್ವಾತಂತ್ರ್ಯಪ್ರೇಮ ಎನ್ನುತ್ತಿದ್ದರು, ಇವಳದ್ದು ಬರೀ ಮೊಂಡುತನವಾಯಿತು ಎಂದು ಡಾರ್ವಿನ್ ಕುಟುಕುತ್ತಾನೆ.

ಅದಕ್ಕೂ ಮುಂಚೆ ಬ್ರೆಜಿಲ್‌ನದೇ ಬಾಹಿಯಾದಲ್ಲಿ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಜೊತೆ ಜಗಳವೇ ಆಗಿತ್ತು. ಒಬ್ಬ ಧಣಿ ತನ್ನ ಅನೇಕ ಗುಲಾಮರನ್ನು ಕರೆಸಿ 'ಬಿಡುಗಡೆ ಬೇಕೇ' ಎಂದು ಕೇಳಿದ, ಎಲ್ಲರೂ ಬೇಡವೆಂದರು ಎಂದ ಕ್ಯಾಪ್ಟನ್. ಧಣಿಯ ಎದುರಲ್ಲಿ ಕೊಟ್ಟ ಉತ್ತರಕ್ಕೇನು ಬೆಲೆ ಎಂದು ಹುಡುಗ ಕೇಳಿದ. ಕ್ಯಾಪ್ಟನ್ ಕೆಂಡವಾದ, ಕೆಲವು ಗಂಟೆ ಬಿಟ್ಟು ಕ್ಷಮೆ ಕೇಳಿ ಕಳಿಸಿದ.

ನಮ್ಮ ತೋಟದಲ್ಲೂ ಕೊಯ್ಲು ಮುಗಿದ ಮೇಲೆ ಸಾಹುಕಾರರು ಆಳುಗಳ ಲೈನ್‌ಮನೆಗಳ ಮುಂದೆ ಜೀಪು ನಿಲ್ಲಿಸಿ 'ಎಲ್ಲ ಆರಾಮಾ?' ಎನ್ನುತ್ತಿದ್ದರು. 'ಹ್ಞೂಂ ಅಯ್ಯಾ' ಎಂದು ಸಾಲಾಗಿ ಉತ್ತರ. ಲೈನಿನವರು ಕೂಲಿಯವರು, ಗುಲಾಮರಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಆದರೆ ಆ 'ಹ್ಞೂಂ' ನನಗೆ ಚೆನ್ನಾಗಿ ಗೊತ್ತು. ಅವರು ಕೊಯ್ದ ಕಾಫಿಯನ್ನು ಅವರಿಗೇ ಕೊಡಲು ನಮ್ಮ ಮನೆಯ ಹಿತ್ತಿಲ ಸೂರಿನಲ್ಲಿ ಬೇರೆ ಲೋಟ ಸಿಕ್ಕಿಸಿಟ್ಟಿರುತ್ತಿತ್ತು.

ಕ್ಯಾಪ್ಟನ್ನನ ಬಾಯಿ ಮುಚ್ಚಿಸಿದ ಈ ಜಾಣ, ಸೊಸೆಗೊ ಎಂಬ ತೋಟದಲ್ಲಿ ಭರ್ಜರಿ ಔತಣ ಉಂಡ ಮೇಲೆ ಏನು ಬರೆದ ಗೊತ್ತೇ? ಇಂಥ ತೋಟಗಳಲ್ಲಿ ಗುಲಾಮರು ಸುಖವಾಗಿದ್ದಾರೆ, ಅನುಮಾನವೇ ಬೇಡ ಎಂದು! ಊಟದ ಹೊತ್ತಿಗೆ ಒಳಗೆ ನುಸುಳುವ ನಾಯಿಗಳನ್ನೂ ಕಪ್ಪು ಮಕ್ಕಳನ್ನೂ ಓಡಿಸಲೆಂದೇ ಅಲ್ಲೊಬ್ಬ ಆಳಿದ್ದ ಎಂದು ಬರೆದವನೂ ಅವನೇ. ಉಂಡ ಮನೆಯ ಉಪ್ಪು ಡಾರ್ವಿನ್‌ನನ್ನೂ ಬಿಡಲಿಲ್ಲ.

ನನಗೆ ಹೆಚ್ಚು ನಂಬಿಕೆ ದೋಣಿಯ ಪ್ರಸಂಗದ ಮೇಲೆ. ಹೇಳಿದ್ದು ಅರ್ಥವಾಗದ ಗುಲಾಮನೊಬ್ಬನಿಗೆ ಜೋರಾಗಿ ಹೇಳುತ್ತಾ ಸನ್ನೆ ಮಾಡುವಾಗ ಡಾರ್ವಿನ್‌ನ ಕೈ ಅವನ ಮುಖದ ಹತ್ತಿರ ಹೋಯಿತು. ಏಟು ಬಿತ್ತೆಂದುಕೊಂಡ ಆ ಕಟ್ಟುಮಸ್ತಾದ ಆಳು ಕಣ್ಣು ಅರೆಮುಚ್ಚಿ, ಕೈಗಳನ್ನು ಇಳಿಬಿಟ್ಟ. ತಡೆಯಲೂ ಎತ್ತಲಿಲ್ಲ. ಡಾರ್ವಿನ್‌ಗೆ ನಾಚಿಕೆಯಾಯಿತು. ಇಲ್ಲಿ ಯಾರೂ ಯಾರನ್ನೂ 'ಸುಖವೇ' ಎಂದು ಕೇಳಿರಲಿಲ್ಲ.

ಬ್ರೆಜಿಲ್ ಗುಲಾಮಗಿರಿಯನ್ನು ರದ್ದುಮಾಡಿದ್ದು 1888ರ ಮೇ 13ರಂದು. ಅಷ್ಟು ಹೊತ್ತಿಗೆ ಡಾರ್ವಿನ್ ತೀರಿಕೊಂಡು ಆರು ವರ್ಷವಾಗಿತ್ತು.