ಕಬ್ಬಿಣದ ಉಂಗುರ

ನಿವೃತ್ತನಾದ ಉಪಾಧ್ಯಾಯನೊಬ್ಬನು ಅರುವತ್ತನೆಯ ವಯಸ್ಸಿನಲ್ಲಿ ಕುಲುಮೆಯ ಮುಂದೆ ಕುಳಿತನೆಂದರೆ ವಾಚಕರಿಗೆ ನಗು ಬರುವುದು ಸಹಜವೇ. ಶನಿಕಾಟಕ್ಕೆಂದು ನಡುಬೆರಳಿನಲ್ಲಿ ಕಬ್ಬಿಣದ ಉಂಗುರವಿರಲೆಂದು ನಮ್ಮ ಮನೆಯವರು ಬಹುದಿನದಿಂದ ಒತ್ತಾಯಿಸುತ್ತಿದ್ದರು. ಗ್ರಹಗಳ ಭಯ ನಮಗೆ ಅಷ್ಟಾಗಿ ಇಲ್ಲ. ಆದರೆ ಜಾತ್ರೆಯಲ್ಲಿ ಕೊಳ್ಳುವುದಕ್ಕಿಂತ ನಾವೇ ಮಾಡಿ ನೋಡೋಣವೆಂಬ ಚಪಲವುಂಟಾಯಿತು.

ನಮ್ಮ ಹಾಗಲವಾಡಿ ಹಿಂದೆ ಪಾಳೆಯಗಾರರು ಆಳಿದ ಊರು. ಈ ಸೀಮೆಗೆ ಕಬ್ಬಿಣ ಹೊಸದಲ್ಲ. 1800ರಲ್ಲಿ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಸಾಹೇಬನು ದೊರೆಗುಡ್ಡದ ಅದಿರಿನ ವಿಚಾರವನ್ನು ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅಮರಕೋಶವು ಕಬ್ಬಿಣಕ್ಕೆ ಹೇಳುವ ಹೆಸರುಗಳಲ್ಲಿ ಅಶ್ಮಸಾರವೆಂಬುದೊಂದು, ಕಲ್ಲಿನ ಸಾರವೆಂದರ್ಥ. ಇದನ್ನು ಎಷ್ಟು ಮಂದಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವೋ ಲೆಕ್ಕವಿಲ್ಲ. ಆ ಸಾರವನ್ನು ಇಕ್ಕಳದಲ್ಲಿ ಹಿಡಿದುದು ಮಾತ್ರ ಇದೇ ಮೊದಲು.

ನಮಗೆ ದೊರೆತ ಗುರುವು ನಮ್ಮ ಹಳೆಯ ಶಿಷ್ಯನೇ. ಹಳೆಯ ಗಾಡಿಚಕ್ರದ ಪಟ್ಟಿಯ ತುಂಡೊಂದನ್ನು ಅವನೇ ಕಾಯಿಸಿ, ಎರಡು ಮಿಲಿಮೀಟರು ದಪ್ಪಕ್ಕೆ ಬಡಿದು ಕೊಟ್ಟನು. ಉದ್ದವನ್ನು ನಾವು ಲೆಕ್ಕ ಹಾಕಿದೆವು. ಬೆರಳಿಗೆ ಬೇಕಾದ ವ್ಯಾಸ 18 ಮಿಲಿಮೀಟರು. 22ರಿಂದ ಗುಣಿಸಿ 7ರಿಂದ ಭಾಗಿಸಲು ಸುಮಾರು 57. ಆರ್ಯಭಟನ ಪರಿಧಿಯ ಸೂತ್ರವನ್ನೂ ಪ್ರಸಂಗವಶಾತ್ ವಿವರಿಸಿದೆವು. ಅವನು ಕೇಳಿಕೊಂಡು ಸುಮ್ಮನಿದ್ದನು.

ಇದ್ದಿಲಿನಲ್ಲಿ ಪಟ್ಟಿ ಕೆಂಪಗೆ ಕಾದ ಮೇಲೆ ಅಡಿಗಲ್ಲಿನ ಕೊಂಬಿನ ಮೇಲಿಟ್ಟು ಮೆಲ್ಲಮೆಲ್ಲನೆ ಬಾಗಿಸಬೇಕು. ಕೆಂಪು ಇಳಿಯಿತೆಂದರೆ ಮತ್ತೆ ಬೆಂಕಿಗೆ. ನಾವು ಹೊಡೆದ ಪೆಟ್ಟುಗಳಲ್ಲಿ ಅರ್ಧ ಅಡಿಗಲ್ಲಿಗೇ ಬಿದ್ದುವು. ಕಬ್ಬಿಣ ಕಪ್ಪಾಯಿತಲ್ಲಾ, ಆರಿರಬೇಕೆಂದು ಮುಟ್ಟಿ ಹೆಬ್ಬೆರಳು ಸುಟ್ಟುಕೊಂಡೆವು. ಕೆಂಪು ಹೋದ ಮೇಲೂ ಕಬ್ಬಿಣದಲ್ಲಿ ಸುಡುವಷ್ಟು ಕಾವು ಬಹಳ ಹೊತ್ತು ಇರುತ್ತದೆ. ಅಂತೂ ತುದಿಗಳೆರಡೂ ಕೂಡಿದುವು. ನೀರಿನಲ್ಲಿ ಅದ್ದಿ ತೊಟ್ಟು ನೋಡಿದರೆ, ಉಂಗುರವು ಬೆರಳಿನ ಗೆಣ್ಣಿನಲ್ಲೇ ನಿಂತುಬಿಟ್ಟಿತು!

"ದಪ್ಪ ಬಿಟ್ಟಿರಿ, ಮೇಷ್ಟ್ರೇ" ಎಂದನು ಶಿಷ್ಯ. ಬಾಗಿಸುವಾಗ ಪಟ್ಟಿಯ ಹೊರಮೈ ಹಿಗ್ಗಿ ಒಳಮೈ ಕುಗ್ಗುತ್ತದೆ. ಉದ್ದ ಬದಲಾಗದೆ ಉಳಿಯುವುದು ನಡುವೆ ಮಾತ್ರ. ಆದಕಾರಣ ದಾರದಿಂದ ಬೆರಳನ್ನು ಅಳೆದು ಅದಕ್ಕೆ ಮೂರು ದಪ್ಪ ಸೇರಿಸಬೇಕು, ಎಂದರೆ 63. ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವಾಗ ಅವನ ತಂದೆ ಹೇಳಿಕೊಟ್ಟ ಲೆಕ್ಕವಂತೆ.

ಇವನನ್ನೇ ನಾವು ಒಮ್ಮೆ, ಲೆಕ್ಕ ಬಾರದ ಮೊದ್ದನೆಂದು, ತರಗತಿಯ ಮುಂದೆ ಇಡೀ ಮಧ್ಯಾಹ್ನ ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಏಕೆಂದು ನಾವು ವಿಚಾರಿಸಲೂ ಇಲ್ಲ.

ಎರಡನೆಯ ಪಟ್ಟಿ ಕಾಯುತ್ತಿರುವಾಗ, "ಆ ದಿನ ನೆನಪಿದೆಯೇನಪ್ಪಾ? ನಮ್ಮದು ತಪ್ಪಾಯಿತು" ಎಂದೆವು. ಅವನು ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ. ಗಾಳಿಚಕ್ರವನ್ನು ನಾಲ್ಕು ಸುತ್ತು ಹೆಚ್ಚಾಗಿಯೇ ತಿರುಗಿಸಿದನು.

"ಕಾದೈತೆ ಮೇಷ್ಟ್ರೇ, ಬೇಗ ಹೊಡೀರಿ."

ಈ ಸಲದ ಉಂಗುರ ಗೆಣ್ಣು ದಾಟಿತು. ಒಂದು ಕಡೆ ತುಸು ಚಪ್ಪಟೆ. ಅಂಚನ್ನು ಅವನೇ ಅರದಿಂದ ಉಜ್ಜಿ ನಯಮಾಡಿಕೊಟ್ಟನು. ಸಂಜೆ ಮನೆಯವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಕೂಲಿ ಎಷ್ಟು ಕೊಟ್ಟಿರೆಂದು ಕೇಳಿದರು. ಅವನು ತೆಗೆದುಕೊಳ್ಳಲಿಲ್ಲವೆಂದೆವು.