ಮೇಷ್ಟ್ರ ದನಿಯಲ್ಲಿ

ಕುವೈತ್ ಸಿಟಿಯ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿನ ಆವರಣದಲ್ಲಿ ಶುಕ್ರವಾರ ಹಲವು ಭಾಷೆಗಳ ಆರಾಧನೆ ನಡೆಯುತ್ತದೆ. ದೇವರ ದನಿ ಯಾವ ಭಾಷೆಯದು? ಬಾಲಕ ಸಮುವೇಲನಿಗೆ ಅದು ಮುದುಕ ಏಲಿಯ ದನಿಯಂತೆಯೇ ಕೇಳಿಸಿತು. ಮೂರು ಸಲ ಎದ್ದು ಅವನ ಬಳಿಗೇ ಓಡಿದ. ನನಗೂ ಅದು ಬರುವುದು ಫಾರ್ಮಸಿ ಡಿಪ್ಲೊಮಾ ಕಲಿಸಿದ ಮೇಷ್ಟ್ರ ದನಿಯಲ್ಲಿ. ಬಡ್ತಿಗಾಗಿ ಪ್ರಾರ್ಥಿಸಿದಾಗ ತಟ್ಟನೆ ಸಿಗುವ ‘ಆಗಲಿ’ಯನ್ನು ಮಾತ್ರ ನಂಬುವುದಿಲ್ಲ, ಅದು ನನ್ನದೇ ಆಸೆ.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ; ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಹೇಳಿದ್ದಕ್ಕೆಲ್ಲ ‘ಐವಾ, ಐವಾ’ ಎಂದು ತಲೆಯಾಡಿಸಿದ ಮನೆಗೆಲಸದ ಹೆಂಗಸು ಹೊರಟಾಗ, ‘ಇನ್ನೊಮ್ಮೆ ಕೇಳು’ ಎಂದಿತು ಆ ದನಿ. ಸಾಲು ಉದ್ದವಿತ್ತು. ಕರೆದು ಕೇಳಿದೆ. ದಿನಕ್ಕೊಂದು ಎಂದೇ ತಿಳಿದಿದ್ದಳು! ಬೆರಳೆಣಿಸಿ ತಿಳಿಸಿ, ಯಾವ ದಿನ ನುಂಗುತ್ತೀಯೆಂದೆ. ಶುಕ್ರವಾರವೆಂದಳು, ರಜೆಯ ದಿನ, ಮರೆಯುವುದಿಲ್ಲವಂತೆ.